ರಕ್ತ ಹೆಪ್ಪುಗಟ್ಟದಿದ್ದರೆ: ಆಂಟಿಬಯೋಟಿಕ್ ಔಷಧಗಳ ಒಂದು ಅಡ್ಡ ಪರಿಣಾಮ



ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆಯುತ್ತಿರುವ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಗಟ್ಟಿಯಾಗುವುದಿಲ್ಲ. ಇದು ನಿಮ್ಮಲ್ಲಿ ಬಹಳ ಮಂದಿ ಕಂಡಿರುವ ಸಂಗತಿ. ಹಾಲಿನಲ್ಲಿ ಉಳಿದ ಔಷಧದ ಅಂಶವು ಹೆಪ್ಪಿನಲ್ಲಿರುವ ಉಪಯುಕ್ತ ಸೂಕ್ಷ್ಮಜೀವಿಗಳನ್ನು ಬೆಳೆಯಗೊಡದಿರುವುದೇ ಇದಕ್ಕೆ ಕಾರಣ. ಆದರೆ ಜೀವನಿರೋಧಕಗಳು, ಅಂದರೆ ನಾವೆಲ್ಲ ಆಂಟಿಬಯೋಟಿಕ್ ಎಂದು ಕರೆಯುವ ಈ ಔಷಧಗಳು, ಕೆಲವು ಸಂದರ್ಭಗಳಲ್ಲಿ ಅವನ್ನು ಸೇವಿಸಿದ ಮನುಷ್ಯನ ರಕ್ತವೂ ಸರಿಯಾಗಿ ಹೆಪ್ಪುಗಟ್ಟದಂತೆ ಮಾಡಬಲ್ಲವು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಾಲು ಹೆಪ್ಪಾಗದಿದ್ದರೆ ಒಂದು ದಿನದ ಮೊಸರು ನಷ್ಟ. ರಕ್ತ ಹೆಪ್ಪುಗಟ್ಟದಿದ್ದರೆ ಜೀವಕ್ಕೇ ಅಪಾಯ.

ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಆಂಟಿಬಯೋಟಿಕ್ ಸೇವಿಸುವವರಲ್ಲಿ ಬಹುಪಾಲು ಜನರಿಗೆ ಇಂಥ ತೊಂದರೆ ಆಗುವುದಿಲ್ಲ. ಆದರೆ ಯಾರಿಗೆ ಆಗಬಹುದು, ಯಾವಾಗ ಆಗಬಹುದು ಎಂಬುದನ್ನು ತಿಳಿದಿದ್ದರೆ ಅಪಾಯವನ್ನು ತಪ್ಪಿಸಬಹುದು. ಆ ಉದ್ದೇಶದಿಂದ ಈ ಲೇಖನ.

ರಕ್ತ ಹೆಪ್ಪುಗಟ್ಟುವುದು ಹೇಗೆ?

ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡಿತು ಎನ್ನಿ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ರಕ್ತ ತಾನಾಗಿಯೇ ನಿಲ್ಲುತ್ತದೆ. ಇದರ ಹಿಂದೆ ಎರಡು ಕೆಲಸಗಳು ನಡೆಯುತ್ತವೆ.

ಮೊದಲನೆಯದಾಗಿ, ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಅತಿ ಚಿಕ್ಕ ಕಣಗಳು ಗಾಯದ ಬಾಯಿಗೆ ಬಂದು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಕೂಡುತ್ತವೆ. ಎರಡನೆಯದಾಗಿ, ರಕ್ತದ ದ್ರವಭಾಗದಲ್ಲಿರುವ ಹಲವು ಸಸಾರಜನಕಗಳು ಒಂದರ ನಂತರ ಒಂದರಂತೆ ಚುರುಕಾಗಿ, ಕೊನೆಗೆ ಫೈಬ್ರಿನ್ ಎಂಬ ಎಳೆಗಳ ಬಲೆ ಹೆಣೆಯುತ್ತವೆ. ಈ ಬಲೆಯೇ ಬಿರಡೆಯನ್ನು ಭದ್ರಪಡಿಸುತ್ತದೆ.

ಈ ಸಸಾರಜನಕಗಳಲ್ಲಿ ಪ್ರೋಥ್ರಾಂಬಿನ್ ಸೇರಿದಂತೆ ನಾಲ್ಕು ಮುಖ್ಯವಾದವು ನಮ್ಮ ಯಕೃತ್ತಿನಲ್ಲಿ ತಯಾರಾಗುತ್ತವೆ. ಅವು ಕೆಲಸಕ್ಕೆ ಬರುವಂತೆ ಹದವಾಗಲು 'ಕೆ' ಜೀವಸತ್ವ ಬೇಕೇ ಬೇಕು. ಅದು ಇಲ್ಲದಿದ್ದರೆ ಯಕೃತ್ತು ಅವನ್ನು ತಯಾರಿಸಿದರೂ ಅವು ಮೊಂಡು ಕುಡುಗೋಲಿನಂತೆ, ಇದ್ದೂ ಉಪಯೋಗಕ್ಕೆ ಬರುವುದಿಲ್ಲ.

ರಕ್ತ ಹೆಪ್ಪುಗಟ್ಟದ ದೋಷ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಹೀಮೋಫಿಲಿಯಾ ಅಂಥದ್ದು. ಇನ್ನು ಕೆಲವರಿಗೆ ಹುಟ್ಟುವಾಗ ಏನೂ ದೋಷವಿಲ್ಲದೆ, ಮುಂದೆ ಯಾವುದೋ ಕಾರಣದಿಂದ ಬರುತ್ತದೆ. ಕೊಳಕುಮಂಡಲ ಹಾವು ಕಚ್ಚಿದಾಗ ರಕ್ತ ಹೆಪ್ಪುಗಟ್ಟದೆ ಹೋಗುವುದು ಇದಕ್ಕೆ ಒಂದು ಉದಾಹರಣೆ. ಔಷಧಗಳಿಂದ ಬರುವ ದೋಷವೂ ಈ ಎರಡನೆಯ ಗುಂಪಿಗೆ ಸೇರಿದ್ದು.

ಕೋಳಿಮರಿಯಿಂದ ಒಂದು ಪಾಠ, ಹಸುವಿನಿಂದ ಇನ್ನೊಂದು

'ಕೆ' ಜೀವಸತ್ವದ ವಿಷಯ ಮೊದಲು ತಿಳಿದದ್ದು ಸಾಕುಪ್ರಾಣಿಗಳಿಂದ. ಡೆನ್ಮಾರ್ಕ್ ದೇಶದ ಹೆನ್ರಿಕ್ ಡ್ಯಾಮ್ ಎಂಬ ವಿಜ್ಞಾನಿ ಕೊಬ್ಬಿನ ಅಂಶ ತೆಗೆದ ಆಹಾರವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವುಗಳ ಚರ್ಮದಡಿಯಲ್ಲಿ ರಕ್ತ ಸೋರುವುದನ್ನು 1929ರಲ್ಲಿ ವರದಿ ಮಾಡಿದರು. ಅವುಗಳ ಆಹಾರದಲ್ಲಿ ಇಲ್ಲದಿದ್ದ ಆ ಅಂಶಕ್ಕೆ 1935ರಲ್ಲಿ 'ಕೆ' ಎಂದು ಹೆಸರಿಟ್ಟರು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿರುವ ಪದದ ಮೊದಲ ಅಕ್ಷರ ಅದು. ಈ ಶೋಧಕ್ಕೆ 1943ರ ನೊಬೆಲ್ ಬಹುಮಾನ ಸಂದಿತು.

ಎರಡನೆಯ ಪಾಠ ಕಲಿಸಿದ್ದು ಹೈನು ರಾಸುಗಳು. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗಗಳಲ್ಲಿ ಕೊಂಬು ತೆಗೆಸಿದ ಹಸುಗಳೂ ಬೀಜ ಒಡೆಸಿದ ಹೋರಿಗಳೂ ರಕ್ತ ನಿಲ್ಲದೆ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ದ್ವಿದಳ ಮೇವನ್ನು ಒಣಗಿಸಿ ಬಣವೆ ಹಾಕಿದಾಗ ಅದು ತೇವದಿಂದ ಬೂಷ್ಟು ಹಿಡಿದಿದ್ದೇ ಕಾರಣವೆಂದು ಕೆನಡಾದ ಪಶುವೈದ್ಯ ವಿಜ್ಞಾನಿ ಫ್ರಾಂಕ್ ಸ್ಕೊಫೀಲ್ಡ್ ತೋರಿಸಿಕೊಟ್ಟರು. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಬ್ಬ ರೈತ ಸತ್ತ ಕಡಸು, ಬೂಷ್ಟು ಹಿಡಿದ ಮೇವು ಮತ್ತು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನು ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ದೂರ ಹೊತ್ತು ತಂದು ವಿಶ್ವವಿದ್ಯಾಲಯದ ಬಾಗಿಲು ತಟ್ಟಿದ. ಅಲ್ಲಿನ ಕಾರ್ಲ್ ಲಿಂಕ್ ಮತ್ತು ಅವರ ಸಹಾಯಕರು 1939ರಲ್ಲಿ ಆ ಮೇವಿನಿಂದ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ ವಾರ್ಫರಿನ್ ತಯಾರಾಗಿ 1948ರಲ್ಲಿ ಇಲಿ ಪಾಷಾಣವಾಗಿಯೂ 1954ರಿಂದ ಮನುಷ್ಯರ ಔಷಧವಾಗಿಯೂ ಬಳಕೆಗೆ ಬಂತು.

ಒಮ್ಮೆ ಉಪಯೋಗಿಸಿದ 'ಕೆ' ಜೀವಸತ್ವವನ್ನು ಯಕೃತ್ತು ಬಿಸಾಡುವುದಿಲ್ಲ. ಅದನ್ನು ಮತ್ತೆ ಸರಿಪಡಿಸಿಕೊಂಡು ಪದೇ ಪದೇ ಬಳಸುತ್ತದೆ. ವಾರ್ಫರಿನ್ ಮತ್ತು ಅದರ ಬಂಧುವಾದ ಅಸಿನೋಕುಮರಾಲ್ ಈ ಸರಿಪಡಿಸುವ ಕೆಲಸವನ್ನು ತಡೆಯುತ್ತವೆ. ಈ ಮಾತು ನೆನಪಿರಲಿ, ಮುಂದೆ ಇದೇ ಕೆಲಸ ಮಾಡುವ ಕೆಲವು ಆಂಟಿಬಯೋಟಿಕ್‌ಗಳ ವಿಷಯ ಬರುತ್ತದೆ.

ಆಂಟಿಬಯೋಟಿಕ್ ಎಲ್ಲಿ ಅಡ್ಡ ಬರುತ್ತದೆ?

1. ಕರುಳಿನ ಸೂಕ್ಷ್ಮಜೀವಿಗಳ ನಾಶ: ನಮಗೆ 'ಕೆ' ಜೀವಸತ್ವ ಮುಖ್ಯವಾಗಿ ಹಸಿರು ಸೊಪ್ಪುಗಳಿಂದ ದೊರೆಯುತ್ತದೆ. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೂ ಸ್ವಲ್ಪ ಭಾಗ ತಯಾರಿಸುತ್ತವೆ. ಹಲವು ಬಗೆಯ ರೋಗಾಣುಗಳನ್ನು ಕೊಲ್ಲುವ ಆಂಟಿಬಯೋಟಿಕ್‌ಗಳು ಈ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತವೆ. ಊಟ ಸರಿಯಾಗಿ ನಡೆಯುತ್ತಿದ್ದರೆ ಇದರಿಂದ ತೊಂದರೆ ಆಗುವುದು ಅಪರೂಪ. ಆದರೆ ರೋಗಿ ಹಲವು ದಿನ ಊಟ ಬಿಟ್ಟು ಬರೀ ಗ್ಲೂಕೋಸ್ ಬಾಟಲಿಯ ಮೇಲಿದ್ದು, ಜೊತೆಗೆ ಆಂಟಿಬಯೋಟಿಕ್ ನಡೆಯುತ್ತಿದ್ದರೆ ಎರಡೂ ಕಡೆಯ ಪೂರೈಕೆ ನಿಲ್ಲುತ್ತದೆ. ಈ ಜೀವಸತ್ವ ದೇಹದಲ್ಲಿ ಬಹಳ ದಿನಕ್ಕಾಗುವಷ್ಟು ಸಂಗ್ರಹವಾಗಿರುವುದಿಲ್ಲ.

2. ಯಕೃತ್ತಿನಲ್ಲಿಯೇ ತಡೆ: ಸೆಫಲೋಸ್ಪೊರಿನ್ ಗುಂಪಿನ ಕೆಲವು ಔಷಧಗಳ ರಚನೆಯಲ್ಲಿ ಒಂದು ವಿಶೇಷ ಕೊಂಡಿ ಇರುತ್ತದೆ. ಆಸ್ಪತ್ರೆಗಳಲ್ಲಿ ಚುಚ್ಚುಮದ್ದಾಗಿ ಕೊಡುವ ಸೆಫೊಪೆರಜೋನ್ ಇದಕ್ಕೆ ಉದಾಹರಣೆ. ಈ ಕೊಂಡಿಯು ವಾರ್ಫರಿನ್‌ನಂತೆಯೇ 'ಕೆ' ಜೀವಸತ್ವವನ್ನು ಮತ್ತೆ ಸರಿಪಡಿಸುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ. 1980ರ ದಶಕದಲ್ಲಿ ಇದೇ ಗುಂಪಿಗೆ ಹತ್ತಿರದ ಮಾಕ್ಸಲ್ಯಾಕ್ಟಂ ಎಂಬ ಔಷಧದಿಂದ ರಕ್ತಸ್ರಾವವಾದ ವರದಿಗಳು ಬಂದು ಅದರ ಬಳಕೆ ಕುಸಿಯಿತು. ಈ ಕೊಂಡಿ ಇಲ್ಲದ ಸೆಫಲೋಸ್ಪೊರಿನ್‌ಗಳಲ್ಲಿ ಈ ಬಗೆಯ ತೊಂದರೆ ಕಡಿಮೆ.

3. ಪ್ಲೇಟ್‌ಲೆಟ್‌ಗಳ ಇಳಿಕೆ: ಕೆಲವು ಔಷಧಗಳು ಜೀವಸತ್ವದ ತಂಟೆಗೆ ಹೋಗದೆ ಪ್ಲೇಟ್‌ಲೆಟ್‌ಗಳನ್ನೇ ಕಡಿಮೆ ಮಾಡುತ್ತವೆ. ಲಿನಜೋಲಿಡ್ ಎಂಬ ಔಷಧವನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಸೇವಿಸಿದವರಲ್ಲಿ ಇದು ಕಂಡುಬರುವುದುಂಟು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮತ್ತು ಸಲ್ಫಾ ಗುಂಪಿನ ಕೋ-ಟ್ರೈಮಾಕ್ಸಜೋಲ್ ಮಾತ್ರೆಗಳಿಂದ ಅಪರೂಪವಾಗಿ, ದೇಹದ ರೋಗನಿರೋಧಕ ಶಕ್ತಿಯೇ ಪ್ಲೇಟ್‌ಲೆಟ್‌ಗಳ ಮೇಲೆ ತಿರುಗಿಬಿದ್ದು ಅವನ್ನು ನಾಶಮಾಡುತ್ತದೆ.

4. ಬೇರೆ ಔಷಧದೊಡನೆ ಘರ್ಷಣೆ: ಹಳ್ಳಿಗಳ ಮಟ್ಟಿಗೆ ಬಹಳ ಗಮನಿಸಬೇಕಾದದ್ದು ಇದು. ಹೃದಯದ ಕವಾಟ ಬದಲಾಯಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಗೆಡ್ಡೆ ಕಟ್ಟಿದ್ದವರು ರಕ್ತ ತೆಳುವಾಗಿಡಲು ವಾರ್ಫರಿನ್ ಅಥವಾ ಅಸಿನೋಕುಮರಾಲ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಇಂಥವರು ಭೇದಿಗೆಂದು ಮೆಟ್ರೊನಿಡಜೋಲ್, ಮೂತ್ರದ ಉರಿಗೆಂದು ಕೋ-ಟ್ರೈಮಾಕ್ಸಜೋಲ್ ಅಥವಾ ಸಿಪ್ರೊಫ್ಲಾಕ್ಸಸಿನ್, ಕೆಮ್ಮಿಗೆಂದು ಎರಿಥ್ರೊಮೈಸಿನ್ ನುಂಗಿದರೆ ತೆಳು ಮಾಡುವ ಮಾತ್ರೆಯ ಪ್ರಭಾವ ಹೆಚ್ಚಾಗಬಹುದು. ಮಾತ್ರೆಯ ಪ್ರಮಾಣ ಮೊದಲಿನಷ್ಟೇ ಇದ್ದರೂ ಕೆಲವೇ ದಿನಗಳಲ್ಲಿ ರಕ್ತಸ್ರಾವ ಆಗುವ ಮಟ್ಟಕ್ಕೆ ಹೋಗಬಹುದು. ರಿಫಾಂಪಿಸಿನ್ ಮಾತ್ರ ಇದಕ್ಕೆ ವಿರುದ್ಧ. ಅದು ತೆಳು ಮಾಡುವ ಮಾತ್ರೆಯ ಪ್ರಭಾವವನ್ನು ತಗ್ಗಿಸುವುದರಿಂದ ಕವಾಟದಲ್ಲಿ ಗೆಡ್ಡೆ ಕಟ್ಟುವ ಭಯವಿರುತ್ತದೆ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಮೇಲಿನ ವಿವರಗಳಿಂದ ಒಂದು ಅಂಶ ನಿಮಗೆ ಹೊಳೆದಿರಬಹುದು. ಆಂಟಿಬಯೋಟಿಕ್ ಒಂದೇ ಇದ್ದಾಗ ಅಪಾಯ ಅಪರೂಪ. ಅದು ಇನ್ನೊಂದು ಕೊರತೆಯ ಜೊತೆ ಸೇರಿದಾಗಲೇ ಅಪಾಯ ಹೆಚ್ಚು. ಆದ್ದರಿಂದ ಈ ಕೆಳಗಿನವರ ವಿಷಯದಲ್ಲಿ ಎಚ್ಚರಿಕೆ ಅಗತ್ಯ.

• ಹಲವು ದಿನಗಳಿಂದ ಊಟ ಬಿಟ್ಟಿರುವ ವಯಸ್ಸಾದವರು ಮತ್ತು ದೊಡ್ಡ ಶಸ್ತ್ರಚಿಕಿತ್ಸೆ ಆದವರು.
• ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಕಾಮಾಲೆ ಆದವರು, ಅತಿಯಾಗಿ ಮದ್ಯ ಸೇವಿಸುವವರು.
• ರಕ್ತ ತೆಳುವಾಗಿಡುವ ಮಾತ್ರೆ ಅಥವಾ ಆಸ್ಪಿರಿನ್ ಸೇವಿಸುತ್ತಿರುವವರು.
• ನವಜಾತ ಶಿಶುಗಳು. ಹುಟ್ಟಿದ ಮಗುವಿನಲ್ಲಿ 'ಕೆ' ಜೀವಸತ್ವದ ಸಂಗ್ರಹ ತೀರಾ ಕಡಿಮೆ, ತಾಯಿಯ ಹಾಲಿನಲ್ಲೂ ಅದು ಹೆಚ್ಚಿಗೆ ಇರುವುದಿಲ್ಲ. ಗರ್ಭಿಣಿ ರಿಫಾಂಪಿಸಿನ್ ಸೇವಿಸುತ್ತಿದ್ದರೆ ಮಗುವಿನಲ್ಲಿ ಕೊರತೆ ಇನ್ನೂ ಹೆಚ್ಚಾಗಬಹುದು. ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಡಲೇ ಮಗುವಿನ ತೊಡೆಗೆ ಸಾಮಾನ್ಯವಾಗಿ 1 ಮಿಲಿಗ್ರಾಂ 'ಕೆ' ಜೀವಸತ್ವದ ಚುಚ್ಚುಮದ್ದು ಕೊಡುವುದು ಈ ಕೊರತೆ ತುಂಬುವುದಕ್ಕಾಗಿ. ಹಸುಗೂಸಿಗೆ ಸೂಜಿ ಬೇಡವೆಂದು ಯಾರೂ ತಡೆಯಬಾರದು.

ಹೈನುಗಾರರ ಮನೆಗೆ ಸಂಬಂಧಿಸಿದ ಒಂದು ಮಾತು

ರಾಸುಗಳು ಕಂದು ಹಾಕುವ ರೋಗ, ಅಂದರೆ ಬ್ರೂಸೆಲ್ಲೋಸಿಸ್, ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು ಅದರ ಲಕ್ಷಣಗಳು. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ಎರಡನ್ನೂ ಆರು ವಾರ ಕೊಡುತ್ತಾರೆ. ಜ್ವರ ಇಳಿಯಿತೆಂದು ಹತ್ತು ದಿನಕ್ಕೇ ಮಾತ್ರೆ ನಿಲ್ಲಿಸಿ, ಜ್ವರ ಮರುಕಳಿಸಿದಾಗ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮತ್ತೆ ನುಂಗುವ ಅಭ್ಯಾಸ ಒಳ್ಳೆಯದಲ್ಲ. ರೋಗ ವಾಸಿಯಾಗದಿರುವುದು ಒಂದು ಕಡೆ. ರಿಫಾಂಪಿಸಿನ್‌ನಿಂದ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಹೀಗೆ ಬಿಟ್ಟು ಬಿಟ್ಟು ಸೇವಿಸುವವರಲ್ಲೇ ಹೆಚ್ಚಾಗಿ ಕಂಡುಬರುತ್ತದೆ ಎಂಬುದು ಇನ್ನೊಂದು ಕಡೆ. ಹಿಂದೆ ಒಮ್ಮೆ ಈ ಮಾತ್ರೆಯಿಂದ ಮೈಮೇಲೆ ಕೆಂಪು ಚುಕ್ಕೆ ಎದ್ದಿದ್ದರೆ ಅಥವಾ ರಕ್ತಸ್ರಾವವಾಗಿದ್ದರೆ ಅದನ್ನು ವೈದ್ಯರಿಗೆ ಹೇಳದೆ ಮತ್ತೆ ಮುಟ್ಟಬಾರದು.

ಇನ್ನೊಂದು ಗೊಂದಲವನ್ನೂ ಇಲ್ಲಿ ನಿವಾರಿಸಬೇಕು. ರಿಫಾಂಪಿಸಿನ್ ಸೇವಿಸುವವರ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತವೆ. ಅದು ಔಷಧದ ಬಣ್ಣ, ರಕ್ತವಲ್ಲ. ಅಷ್ಟಕ್ಕೇ ಹೆದರಿ ಮಾತ್ರೆ ನಿಲ್ಲಿಸಬಾರದು. ಬಣ್ಣದ ಜೊತೆಗೆ ಒಸಡಿನ ರಕ್ತ, ಮೈಮೇಲೆ ಕಲೆ ಮುಂತಾದವು ಕಂಡರೆ ಮಾತ್ರ ಕೂಡಲೇ ವೈದ್ಯರಲ್ಲಿಗೆ ಹೋಗಿರಿ.

ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟದಿರುವುದು, ಹಾಲನ್ನು ಕಾಯಿಸಿಯೇ ಕುಡಿಯುವುದು, ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸುವುದು, ಇಷ್ಟು ಮಾಡಿದರೆ ಆರು ವಾರದ ಮಾತ್ರೆಯ ಗೊಡವೆಯೇ ಬಹುಮಟ್ಟಿಗೆ ತಪ್ಪುತ್ತದೆ.

ಲಕ್ಷಣಗಳನ್ನು ಗುರುತಿಸುವುದು ಹೇಗೆ?

ಆಂಟಿಬಯೋಟಿಕ್ ಸೇವಿಸುತ್ತಿರುವಾಗ, ಅಥವಾ ನಿಲ್ಲಿಸಿದ ಕೆಲವು ದಿನಗಳಲ್ಲಿ, ಈ ಕೆಳಗಿನ ಚಿಹ್ನೆಗಳು ಕಂಡರೆ ಉದಾಸೀನ ಮಾಡಬೇಡಿ.

• ಹಲ್ಲುಜ್ಜುವಾಗ ಒಸಡಿನಿಂದ ರಕ್ತ, ಮೂಗಿನಿಂದ ಪದೇ ಪದೇ ರಕ್ತ.
• ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿಗಟ್ಟಿದ ಕಲೆಗಳು. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು.
• ಸೂಜಿ ಚುಚ್ಚಿದ ಜಾಗದಲ್ಲಿ ಅಥವಾ ಸಣ್ಣ ಗಾಯದಲ್ಲಿ ರಕ್ತ ನಿಲ್ಲದಿರುವುದು.
• ರಸ್ತೆಗೆ ಹಾಕುವ ಡಾಂಬರಿನಂತೆ ಕಪ್ಪಾದ, ಅಂಟಾದ ಮಲ. ರಕ್ತ ಬೆರೆತ ಮೂತ್ರ.
• ಹೆಂಗಸರಲ್ಲಿ ಮುಟ್ಟಿನ ಸ್ರಾವ ಎಂದಿಗಿಂತ ಬಹಳ ಹೆಚ್ಚಾಗುವುದು.
• ಇದ್ದಕ್ಕಿದ್ದಂತೆ ತೀವ್ರ ತಲೆನೋವು, ವಾಂತಿ, ಮಂಪರು. ಇದು ಮೆದುಳಿನಲ್ಲಿ ರಕ್ತಸ್ರಾವದ ಸೂಚನೆಯಾಗಿರಬಹುದು. ಒಂದು ಗಳಿಗೆಯೂ ತಡಮಾಡಬಾರದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಎರಡು ರಕ್ತಪರೀಕ್ಷೆಗಳಿಂದ ಬಹಳಷ್ಟು ತಿಳಿಯುತ್ತದೆ. ಒಂದು, ಪ್ಲೇಟ್‌ಲೆಟ್ ಎಣಿಕೆ. ಇನ್ನೊಂದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿ.ಟಿ. ಪರೀಕ್ಷೆ. ಇದರ ಫಲಿತಾಂಶವನ್ನು ಐ.ಎನ್.ಆರ್. ಎಂಬ ಅಂಕಿಯಲ್ಲಿ ಹೇಳುತ್ತಾರೆ. ಆರೋಗ್ಯವಂತರಲ್ಲಿ ಇದು ಸುಮಾರು 1 ಇರುತ್ತದೆ. ರಕ್ತ ತೆಳುವಾಗಿಡುವ ಮಾತ್ರೆ ಸೇವಿಸುವವರಲ್ಲಿ ವೈದ್ಯರು ಇದನ್ನು ಸಾಮಾನ್ಯವಾಗಿ 2ರಿಂದ 3ರವರೆಗೆ, ಕೆಲವು ಕವಾಟಗಳಿಗೆ ಇನ್ನೂ ತುಸು ಹೆಚ್ಚಿಗೆ ಇರುವಂತೆ ನೋಡಿಕೊಳ್ಳುತ್ತಾರೆ.

'ಕೆ' ಜೀವಸತ್ವದ ಕೊರತೆಯೇ ಕಾರಣವಾಗಿದ್ದರೆ ಅದರ ಚುಚ್ಚುಮದ್ದು ಕೊಟ್ಟ ಕೆಲವು ಗಂಟೆಗಳಲ್ಲೇ ಸುಧಾರಣೆ ಕಾಣತೊಡಗುತ್ತದೆ. ರಕ್ತಸ್ರಾವ ಜೋರಾಗಿದ್ದರೆ ರಕ್ತನಿಧಿಯಿಂದ ಪ್ಲಾಸ್ಮಾ ತರಿಸಿ ಕೊಡುತ್ತಾರೆ. ಪ್ಲೇಟ್‌ಲೆಟ್ ಇಳಿದಿದ್ದರೆ ಕಾರಣವಾದ ಔಷಧವನ್ನು ನಿಲ್ಲಿಸಿ ಬೇರೆ ಔಷಧ ಕೊಡುತ್ತಾರೆ. ಬಹುತೇಕ ರೋಗಿಗಳಲ್ಲಿ ಆ ಬಳಿಕ ಪ್ಲೇಟ್‌ಲೆಟ್‌ಗಳು ತಾವಾಗಿಯೇ ಏರುತ್ತವೆ. ಬೇಗ ಗುರುತಿಸಿದರೆ ವಾಸಿಮಾಡಬಹುದಾದ ತೊಂದರೆ ಇದು. ಮನೆಯವರು ಯಾವ ಔಷಧ ಕೊಟ್ಟಿದ್ದರೆಂದು ಹೇಳಲಾರದೆ ಹೋದರೆ ಕಾರಣ ಹುಡುಕುವುದಕ್ಕೇ ಸಮಯ ಹೋಗುತ್ತದೆ. ಆದ್ದರಿಂದ ಮಾತ್ರೆಯ ಹಾಳೆ, ಚುಚ್ಚುಮದ್ದಿನ ಖಾಲಿ ಸೀಸೆ, ಔಷಧ ಚೀಟಿ ಇವನ್ನು ಬಿಸಾಡದೆ ಜೊತೆಗೆ ಒಯ್ಯಿರಿ.

ರಾಸುಗಳು ಮತ್ತು ಹಾಲಿನ ವಿಷಯ

ಬೆಳೆದ ಹಸು ಎಮ್ಮೆಗಳಿಗೆ ಆಂಟಿಬಯೋಟಿಕ್ ಕೊಟ್ಟರೆ ಹೀಗಾಗುತ್ತದೆಯೇ ಎಂದು ಕೇಳಬಹುದು. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು 'ಕೆ' ಜೀವಸತ್ವವನ್ನು ಧಾರಾಳವಾಗಿ ತಯಾರಿಸುತ್ತವೆ, ಹಸಿರು ಮೇವಿನಲ್ಲೂ ಅದು ಸಾಕಷ್ಟಿದೆ. ಹಾಗಾಗಿ ರಾಸುಗಳಲ್ಲಿ ಈ ಕೊರತೆ ಅಪರೂಪ. ಕೋಳಿಗಳಿಗೆ ರಕ್ತಭೇದಿ ರೋಗಕ್ಕೆಂದು ಕೊಡುವ ಸಲ್ಫಾಕ್ವಿನಾಕ್ಸಲಿನ್ ಹೆಚ್ಚಾದರೆ ಅವುಗಳಲ್ಲಿ ರಕ್ತಸ್ರಾವ ಕಾಣಿಸುವುದುಂಟು. ಕೋಳಿ ಸಾಕಿರುವ ಸದಸ್ಯರು ಪ್ರಮಾಣ ಮೀರಬಾರದು. ರಾಸುಗಳ ಮಟ್ಟಿಗೆ ನಿಜವಾದ ಅಪಾಯ ಇಲಿ ಪಾಷಾಣದಿಂದ. ಅಂಗಡಿಯಲ್ಲಿ ಸಿಗುವ ಬ್ರೊಮಡಯಲೋನ್ ಬಿಲ್ಲೆಗಳು ವಾರ್ಫರಿನ್ ಜಾತಿಯವೇ, ಅದಕ್ಕಿಂತ ಪ್ರಬಲ. ಪಶು ಆಹಾರದ ಚೀಲದ ಬಳಿ ಅವನ್ನು ಇಡಲೇಬೇಡಿ.

ಚಿಕಿತ್ಸೆ ಪಡೆದ ಹಸುವಿನ ಹಾಲು ಕುಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲವೇ ಎಂಬ ಸಂಶಯವೂ ಬರಬಹುದು. ಹಾಲಿನಲ್ಲಿ ಉಳಿಯುವ ಅಂಶ ಚಿಕಿತ್ಸೆಯ ಪ್ರಮಾಣಕ್ಕೆ ಹೋಲಿಸಿದರೆ ಬಹಳ ಕಡಿಮೆ. ಅಷ್ಟರಿಂದ ಈ ಲೇಖನದಲ್ಲಿ ಹೇಳಿದ ತೊಂದರೆ ಬರುತ್ತದೆಂದು ತಿಳಿಯಬೇಕಾಗಿಲ್ಲ. ಆದರೆ ಅಂಥ ಹಾಲನ್ನು ಸಂಘಕ್ಕೆ ಹಾಕಬಾರದು ಎನ್ನಲು ಬೇರೆ ಬಲವಾದ ಕಾರಣಗಳಿವೆ. ಪೆನಿಸಿಲಿನ್ ಒಗ್ಗದವರಿಗೆ ಅದರಿಂದ ಅಲರ್ಜಿ ಆಗಬಹುದು, ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ, ಡೇರಿಯಲ್ಲಿ ಮೊಸರು ಕೆಡುತ್ತದೆ. ಕಾಯಿಸಿದರೆ ಔಷಧದ ಅಂಶ ಹೋಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಔಷಧದ ಲೇಬಲ್ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂದು ನಮೂದಿಸಬೇಕೆಂದೂ, ಅವಧಿ ನಿಗದಿಯಾಗಿರದ ಔಷಧಕ್ಕೆ ಹಾಲಿನ ಮಟ್ಟಿಗೆ ಕನಿಷ್ಠ 7 ದಿನವೆಂದೂ 2012ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ನೆನಪಿಡಬೇಕಾದ ಅಂಶಗಳು

1. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ. ರಾಸುಗಳಿಗೆಂದು ತಂದ ಔಷಧವನ್ನು ಮನುಷ್ಯರು ಎಂದೂ ಬಳಸಬೇಡಿ.
2. ರಕ್ತ ತೆಳುವಾಗಿಡುವ ಮಾತ್ರೆ ಸೇವಿಸುವವರು ಆ ವಿಷಯ ಬರೆದ ಚೀಟಿಯನ್ನು ಸದಾ ಜೇಬಿನಲ್ಲಿಟ್ಟುಕೊಳ್ಳಿ. ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ, ಮೊದಲು ಅದನ್ನು ತೋರಿಸಿರಿ.
3. ಇಂಥವರಿಗೆ ಆಂಟಿಬಯೋಟಿಕ್ ಆರಂಭಿಸಿದರೆ ಮೂರರಿಂದ ಐದು ದಿನದೊಳಗೆ ಐ.ಎನ್.ಆರ್. ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ. ಆಂಟಿಬಯೋಟಿಕ್ ಮುಗಿದ ಮೇಲೂ ಕೇಳಿರಿ.
4. ಆಂಟಿಬಯೋಟಿಕ್ ಜೊತೆಗೆ ಮೈಕೈ ನೋವಿಗೆಂದು ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಸ್ವಂತವಾಗಿ ಸೇರಿಸಿಕೊಳ್ಳಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.
5. ಕಾಯಿಲೆಯಲ್ಲಿ ಪಥ್ಯವೆಂದು ಬರೀ ಗಂಜಿಯ ಮೇಲೆ ದಿನಗಟ್ಟಲೆ ಇಡಬೇಡಿ. ಬಾಯಿಗೆ ಸೇರುವಂತಾದ ಕೂಡಲೇ ನುಗ್ಗೆ, ದಂಟು, ಮೆಂತ್ಯ, ಪಾಲಕ್ ಸೊಪ್ಪಿನ ಬಸ್ಸಾರು, ಹುಳಿ ಕೊಡಿರಿ. ರಕ್ತ ತೆಳುವಾಗಿಡುವ ಮಾತ್ರೆ ಸೇವಿಸುವವರು ಮಾತ್ರ ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸದೆ ಇಳಿಸದೆ ಒಂದೇ ಪ್ರಮಾಣದಲ್ಲಿ ತಿನ್ನುವುದು ಒಳ್ಳೆಯದು.
6. ರಕ್ತಸ್ರಾವದ ಚಿಹ್ನೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿರಿ. ಚಿಹ್ನೆ ಏನೂ ಇಲ್ಲದಿದ್ದರೆ, ಈ ಲೇಖನ ಓದಿದೆವೆಂದು ವೈದ್ಯರು ಬರೆದುಕೊಟ್ಟ ಆಂಟಿಬಯೋಟಿಕ್ ಅನ್ನು ಅರ್ಧಕ್ಕೆ ಬಿಡಬೇಡಿ.

ಆಂಟಿಬಯೋಟಿಕ್‌ಗಳು ಲಕ್ಷಾಂತರ ಜೀವಗಳನ್ನು ಉಳಿಸಿವೆ, ನಿಮ್ಮ ಕೊಟ್ಟಿಗೆಯ ರಾಸುಗಳನ್ನೂ ಉಳಿಸಿವೆ. ಅವು ಶತ್ರುವಲ್ಲ. ಆದರೆ ನಿಮ್ಮ ಮನೆಯ ಹಿರಿಯರು ಯಾವ ಮಾತ್ರೆ ಸೇವಿಸುತ್ತಾರೆ ಎಂಬುದು ಔಷಧ ಬರೆಯುವವರಿಗೆ ತಿಳಿದಿರಬೇಕು, ಮತ್ತು ಅದನ್ನು ತಿಳಿಸುವ ಹೊಣೆ ನಿಮ್ಮದು. ಇಂದು ಸಂಜೆ ಹಾಲು ಹಾಕಿ ಮನೆಗೆ ಹೋದಾಗ ಮನೆಯವರೆಲ್ಲರ ನಿತ್ಯದ ಮಾತ್ರೆಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಸುಲಭವಾಗಿ ಕೈಗೆ ಸಿಗುವ ಜಾಗದಲ್ಲಿ ಇಟ್ಟುಬಿಡಿ. ಕಾಯಿಲೆಯ ಗಡಿಬಿಡಿಯಲ್ಲಿ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.